18 ಲೈಟ್ ರೈಲ್ ಗಾಡಿಗೆ 18 ಮೆಕ್ಯಾನಿಕ್ ಸಾಕಾ? ನಮ್ಮ ಪ್ರಾಜೆಕ್ಟ್ ಲೆಕ್ಕ ಕೂಡುತ್ತಿಲ್ಲ

ಕೌಲ್‌ಬಜಾರ್ ಹುಡುಗ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಕೊನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ಕು ಜನ ಸೇರಿ ಕಾಗದದ ಮೇಲೆ ಒಂದು ಲೈಟ್ ರೈಲ್ ಲೈನ್ (ರಸ್ತೆ ಮೇಲೆ ಹಳಿ ಹಾಕಿ ಓಡಿಸುವ ಸಣ್ಣ ರೈಲು) ಹಾಕಿದ್ದೇವೆ. ಬಳ್ಳಾರಿ ಸ್ಟೇಶನ್ನಿಂದ ಕುಡತಿನಿ ಕಡೆಗೆ, 20 ಕಿಮೀ ಅಂತ ಹಿಡಿದಿದ್ದೇವೆ. ನಗಬೇಡಿ, ಸರ್ಕಾರದ ಯೋಜನೆ ಏನಲ್ಲ, ಸುಮ್ನೆ ಪ್ರಾಜೆಕ್ಟ್. ಹೋಗಿ ಬಂದು, ಎರಡೂ ಕಡೆ ನಿಲ್ಲುವ ಟೈಮ್ ಸೇರಿ, ಒಂದು ಸುತ್ತಿಗೆ 2 ಗಂಟೆ. ರಶ್ ಇರುವ 6 ಗಂಟೆ 8 ನಿಮಿಷಕ್ಕೊಂದು ಗಾಡಿ ಬಿಟ್ಟರೆ 15 ಗಾಡಿ ಬೇಕು. ಉಳಿದ 12 ಗಂಟೆ 15 ನಿಮಿಷಕ್ಕೊಂದು, 8 ಗಾಡಿ ಸಾಕು. 3 ಸ್ಪೇರ್ ಇಟ್ಟು ಒಟ್ಟು 18.

ಇಲ್ಲಿವರೆಗೆ ಸರಿ ಇತ್ತು. ಆಮೇಲೆ ನಮ್ಮ ಗೈಡ್ ಡಿಪೋದಲ್ಲಿ ರಿಪೇರಿಗೆ ಎಷ್ಟು ಜನ ಬೇಕು ಅಂತ ಕೇಳಿದರು. ಗಾಡಿಗೊಬ್ಬ ಅಂತ ನಾವು 18 ಬರೆದೆವು. ಅವರು ಕೆಂಪು ಪೆನ್ನಿನಲ್ಲಿ ಅದರ ಸುತ್ತ ಗೆರೆ ಎಳೆದು, "ಯಾವ ಆಧಾರ?" ಅಂತ ಬರೆದು ವಾಪಸ್ ಕೊಟ್ಟರು. ನಿಜ ಹೇಳಬೇಕಂದರೆ ಆಧಾರ ಏನೂ ಇಲ್ಲ. ನೋಡಲು ಚೆನ್ನಾಗಿದೆ ಅಂತ ಹಾಕಿದ್ದು.

ಗಾಡಿಗೆ ಇಷ್ಟು ಜನ ಅಂತ ಏನಾದರೂ ನಿಯಮ ಇದೆಯಾ? ರಾತ್ರಿ ಎಲ್ಲಾ ಗಾಡಿಗಳೂ ಡಿಪೋಗೆ ಬರುತ್ತವೆ, ಹಾಗಾಗಿ ಎಲ್ಲರನ್ನೂ ರಾತ್ರಿ ಶಿಫ್ಟ್‌ಗೇ ಹಾಕಿದ್ದೇವೆ. ಅದೂ ತಪ್ಪಾ?

ಹಳೇ ಸ್ಪ್ಯಾನರ್:

ತಮ್ಮಾ, ನಾನು ರೈಲಿನವನಲ್ಲ. ಕೊಪ್ಪಳ ಕಡೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವನು. ಆದರೂ ಒಂದು ಮಾತು ಹೇಳುತ್ತೇನೆ. ನೀವು 18 ಜನ ಅಂತ ಬರೆದರೆ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ 18 ಸಹಿ ಇರೋದಿಲ್ಲ. ಒಬ್ಬನಿಗೆ ವಾರದ ರಜೆ, ಒಬ್ಬನ ಮಗಳ ಮದುವೆ, ಒಬ್ಬ ಟ್ರೈನಿಂಗ್‌ಗೆ ಹೋಗಿರುತ್ತಾನೆ, ಒಬ್ಬನಿಗೆ ಜ್ವರ. ಕೊನೆಗೆ ಗಾಡಿ ಕೆಳಗಿನ ಗುಂಡಿ, ಅಂದರೆ ಪಿಟ್‌ನಲ್ಲಿ ಇಳಿದು ನಿಂತವರನ್ನು ಎಣಿಸಿದರೆ 11 ಸಿಕ್ಕರೆ ನಿಮ್ಮ ಪುಣ್ಯ.

ನಾನಿದ್ದ ಡಿಪೋದಲ್ಲಿ, ಹೆಸರು ಬೇಡ, ಒಂದು ಬಸ್ಸಿಗೆ ನಾವು ಕರ್ಣ ಅಂತ ಹೆಸರಿಟ್ಟಿದ್ದೆವು. ಯಾಕಂದರೆ ಅದು ಕೇಳಿದ್ದೆಲ್ಲಾ ಕೊಟ್ಟಿತು. ಮೊದಲು ಸೆಲ್ಫ್ ಮೋಟರ್, ಆಮೇಲೆ ರೇಡಿಯೇಟರ್, ಆಮೇಲೆ ಎರಡು ಟೈರು, ಕೊನೆಗೆ ಡ್ರೈವರ್ ಸೀಟು. ಸ್ಟೋರ್‌ನಲ್ಲಿ ಸಾಮಾನು ಇಲ್ಲ, ಬೆಳಿಗ್ಗೆ 5 ಗಂಟೆಗೆ ಗಾಡಿ ಬಿಡಬೇಕು, ಏನು ಮಾಡುತ್ತೀರಿ? ಕರ್ಣನ ಹತ್ತಿರ ಹೋಗುತ್ತೀರಿ. ಇದರಲ್ಲಿ ಜನರ ಲೆಕ್ಕ ಎಲ್ಲಿ ಕೆಡುತ್ತದೆ ಅಂದರೆ, ಒಂದೇ ಕೆಲಸ ಎರಡು ಸಲ ಆಗುತ್ತದೆ. ಕರ್ಣನಿಂದ ಬಿಚ್ಚು, ಇದಕ್ಕೆ ಹಾಕು, ನಾಳೆ ಸಾಮಾನು ಬಂದ ಮೇಲೆ ಕರ್ಣನಿಗೆ ಮತ್ತೆ ಹಾಕು. ಜನ ಕಡಿಮೆ ಇದ್ದರು ಅಂತ ಕೆಲಸ ಹಿಂದೆ ಬಿತ್ತು ಅನ್ನುತ್ತಾರೆ. ಸ್ಟೋರ್ ಖಾಲಿ ಇದ್ದದ್ದಕ್ಕೆ ಜನ ಸಾಲಲಿಲ್ಲ ಅಂತ ಯಾರೂ ಬರೆಯೋದಿಲ್ಲ.

ಗಿಣಿಗೇರಾ ಪ್ಯಾಸೆಂಜರ್:

ಇಷ್ಟೆಲ್ಲಾ ಯಾಕೆ? ಗಾಡಿ ಮಾಡಿದ ಕಂಪನಿಗೇ ಮೇಂಟೆನೆನ್ಸ್ ಕಾಂಟ್ರಾಕ್ಟ್ ಕೊಟ್ಟುಬಿಡಿ. "ಸಿಬ್ಬಂದಿ: 0" ಅಂತ ಬರೆಯಿರಿ. ಪ್ರಾಜೆಕ್ಟ್ ಮುಗಿಯಿತು.

ಮುದಗಲ್‌ನವ:

@ಗಿಣಿಗೇರಾ ಪ್ಯಾಸೆಂಜರ್, ಕಾಂಟ್ರಾಕ್ಟ್ ಕೊಟ್ಟರೆ ಆ ಜನ ಬೇರೆಯವರ ಪಟ್ಟಿಗೆ ಹೋಗುತ್ತಾರೆ, ಮಾಯ ಆಗೋದಿಲ್ಲ. ಅವರು ಮಾಡಿದ್ದು ಸರಿ ಇದೆಯಾ ಅಂತ ನೋಡಲು ನಿಮ್ಮ ಕಡೆಯವರೂ ಇರಬೇಕು. ಇಲ್ಲದಿದ್ದರೆ ಕಾಂಟ್ರಾಕ್ಟ್ ಮುಗಿದ ದಿನ ಗಾಡಿ ನಿಮ್ಮದು, ಅದರ ಬಗ್ಗೆ ಗೊತ್ತಿರುವವರು ಅವರ ಕಡೆ. ಅಷ್ಟೇ.

ತಮ್ಮಾ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ರಾಯಚೂರು ಜಿಲ್ಲೆಯವನು, ಈಗ ಹೊರಗಡೆ ಒಂದು ಮೆಟ್ರೊ ಡಿಪೋದಲ್ಲಿ ಕೆಲಸ. ಮೆಟ್ರೊ ಬೇರೆ, ಲೈಟ್ ರೈಲ್ ಬೇರೆ, ಆದರೆ ಡಿಪೋ ಒಳಗಿನ ಲೆಕ್ಕ ಹೆಚ್ಚುಕಮ್ಮಿ ಒಂದೇ. ಗಾಡಿಗೆ ಇಷ್ಟು ಜನ ಅಂತ ನಿಯಮ ಇಲ್ಲ. ಕೆಳಗಿನಿಂದ ಲೆಕ್ಕ ಹಾಕಿಕೊಂಡು ಬರಬೇಕು. ನಿನ್ನದೇ ಅಂಕಿ ತೆಗೆದುಕೊಳ್ಳೋಣ. ಕೆಲಸಕ್ಕೆ ಹಿಡಿಯುವ ಗಂಟೆಗಳನ್ನು ಮಾತ್ರ ನಾನು ಲೆಕ್ಕ ತೋರಿಸಲು ಹಾಕುತ್ತಿದ್ದೇನೆ, ಅದನ್ನು ಕಲ್ಲಿನ ಮೇಲಿನ ಬರಹ ಅಂದುಕೊಳ್ಳಬೇಡ.

ಮೊದಲು ಕಿಲೋಮೀಟರ್. 2 ಗಂಟೆಗೆ 40 ಕಿಮೀ, ಅಂದರೆ ಒಂದು ಗಾಡಿ ಗಂಟೆಗೆ 20 ಕಿಮೀ ಓಡುತ್ತದೆ. 15 ಗಾಡಿ 6 ಗಂಟೆ, 8 ಗಾಡಿ 12 ಗಂಟೆ, ಸೇರಿಸಿದರೆ 186 ಗಾಡಿ-ಗಂಟೆ, ದಿನಕ್ಕೆ 3,720 ಕಿಮೀ. ವರ್ಷಕ್ಕೆ ಸುಮಾರು 13.6 ಲಕ್ಷ. 18ರಿಂದ ಭಾಗಿಸಿದರೆ ಗಾಡಿಗೆ ವರ್ಷಕ್ಕೆ 75 ಸಾವಿರ ಕಿಮೀ. 5,000 ಕಿಮೀಗೆ ಒಂದು ದೊಡ್ಡ ಚೆಕಪ್ ಅಂದರೆ ಗಾಡಿಗೆ 15 ಸಲ, ಒಟ್ಟು 270 ಚೆಕಪ್. ಒಂದಕ್ಕೆ ಸರಾಸರಿ 30 ಆಳು-ಗಂಟೆ (ಒಬ್ಬ ಆಳಿನ ಒಂದು ಗಂಟೆ ಕೆಲಸ) ಹಿಡಿ, 8,100 ಆಯಿತು. ಜೊತೆಗೆ ದಿನಾ ರಾತ್ರಿ ಓಡಿ ಬಂದ 15 ಗಾಡಿಗಳನ್ನು ನೋಡಬೇಕು. ಇಬ್ಬರು ಸೇರಿ ಗಾಡಿಗೆ 40 ನಿಮಿಷ. ದಿನಕ್ಕೆ 20 ಆಳು-ಗಂಟೆ, ವರ್ಷಕ್ಕೆ 7,300. ಇವೆರಡೂ ಸೇರಿ 15,400. ಇದು ಮೊದಲೇ ಗೊತ್ತಿರುವ ಕೆಲಸ. ಕೆಟ್ಟು ಬರುವ ಕೆಲಸಕ್ಕೂ ಅಷ್ಟೇ ಹಿಡಿ. ಒಟ್ಟು 30,800 ಆಳು-ಗಂಟೆ.

ಈಗ ಒಬ್ಬ ಮನುಷ್ಯ ಎಷ್ಟು ಕೊಡುತ್ತಾನೆ? 365 ದಿನದಲ್ಲಿ 52 ವಾರದ ರಜೆ, 30 ಗಳಿಕೆ ರಜೆ, 15 ಸಿಎಲ್, 10 ಹಬ್ಬದ ರಜೆ ತೆಗೆ. ಉಳಿಯುವುದು 258 ದಿನ. ಶಿಫ್ಟ್ 8 ಗಂಟೆ ನಿಜ, ಆದರೆ ಸ್ಪ್ಯಾನರ್ ಕೈಯಲ್ಲಿ ಇರುವುದು 5 ಗಂಟೆ ಅಂದರೆ ಅದೇ ಒಳ್ಳೆಯ ಡಿಪೋ. ಉಳಿದ 3 ಗಂಟೆ ಎಲ್ಲಿ ಹೋಗುತ್ತದೆ ಅಂತ ಹೊರಗಿನವರು ಕೇಳುತ್ತಾರೆ. ಪವರ್ ಆಫ್ ಮಾಡಿಸಬೇಕು. 750 ವೋಲ್ಟ್ ಡಿಸಿ ಲೈನ್, ಆಫ್ ಆಗಿದೆ ಅಂತ ಬಾಯಿಮಾತಲ್ಲಿ ನಂಬೋ ಹಾಗಿಲ್ಲ. ಪರ್ಮಿಟ್ ಬರೆಸಬೇಕು, ಟೆಸ್ಟ್ ಮಾಡಬೇಕು, ಲೈನನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕಬೇಕು, ಆಮೇಲೇ ಮೇಲೆ ಹತ್ತೋದು. ಇಳಿದ ಮೇಲೆ ಇದೆಲ್ಲಾ ಉಲ್ಟಾ. ಜೊತೆಗೆ ಸ್ಟೋರ್, ಟೂಲ್ಸ್, ಗಾಡಿ ಪಿಟ್‌ಗೆ ಬರುವವರೆಗೆ ಕಾಯುವುದು, ಕಂಪ್ಯೂಟರ್‌ನಲ್ಲಿ ಎಂಟ್ರಿ, ಊಟ. 258ನ್ನು 5ರಿಂದ ಗುಣಿಸಿದರೆ 1,290. ಅದರಿಂದ 30,800 ಭಾಗಿಸಿದರೆ ಸುಮಾರು 24 ಜನ.

ಇದು ಬರೀ ಟೆಕ್ನಿಷಿಯನ್‌ಗಳು. ಗಾಡಿ ತೊಳೆಯುವವರು, ಸ್ಟೋರ್, ಪ್ಲಾನಿಂಗ್, ಸೂಪರ್‌ವೈಸರ್, ಡಿಪೋ ಒಳಗೆ ಗಾಡಿ ಸರಿಸುವ ಶಂಟರ್ ಯಾರೂ ಇದರಲ್ಲಿ ಇಲ್ಲ. ಚಕ್ರದ ಚೌಕಟ್ಟು ಬಿಚ್ಚಿ ಮಾಡುವ ದೊಡ್ಡ ಓವರ್‌ಹಾಲ್ ಕೂಡ ಇಲ್ಲ. ಅದು ಕೆಲವು ವರ್ಷ ಆದ ಮೇಲೆ ಬರುತ್ತದೆ, ಆದರೆ ಬಂದಾಗ 18 ಗಾಡಿಗಳೂ ಒಂದರ ಹಿಂದೆ ಒಂದು ಬರುತ್ತವೆ, ಯಾಕಂದರೆ ಎಲ್ಲವನ್ನೂ ಒಂದೇ ಸಲ ಕೊಂಡಿರುತ್ತೀರಿ.

ಕೌಲ್‌ಬಜಾರ್ ಹುಡುಗ:

ಅಣ್ಣಾ, ಭಾಳ ಥ್ಯಾಂಕ್ಸ್. ಹಾಗಾದರೆ 24 ಬರೆದು, ಎಲ್ಲರನ್ನೂ ರಾತ್ರಿಗೆ ಹಾಕಲಾ?

ಮುದಗಲ್‌ನವ:

ಬೇಡ. ಎಲ್ಲರನ್ನೂ ರಾತ್ರಿಗೆ ಹಾಕುವ ತಪ್ಪನ್ನು ನಿಜವಾದ ಡಿಪೋಗಳಲ್ಲೂ ಮಾಡುತ್ತಾರೆ. ರಾತ್ರಿ ಗಾಡಿ ನಿನ್ನ ಕೈಗೆ ಸಿಗುವುದು ಆರು ಗಂಟೆ ಮಾತ್ರ. ಅದರಲ್ಲಿ ಒಳಗೆ ಬರುವುದು, ತೊಳೆಯುವುದು, ಬೆಳಿಗ್ಗೆ ಸಾಲಾಗಿ ಹೊರಡುವುದು ಕಳೆದರೆ ನಿಜವಾಗಿ ನಾಲ್ಕೇ ಗಂಟೆ. ಆ ಹೊತ್ತಲ್ಲಿ ದಿನದ ಚೆಕ್ ಮುಗಿಸಲು ಮೂರು ಜೋಡಿ, ಅಂದರೆ 6 ಜನ ಸಾಕು. 24 ಜನ ಬಂದರೆ ಪಿಟ್ ಎಲ್ಲಿದೆ? ಎಲ್ಲರೂ ಟೀ ಕುಡಿಯುತ್ತಾರೆ.

ನಿನ್ನ ಟೈಮ್‌ಟೇಬಲ್ ಇನ್ನೊಂದು ಸಲ ನೋಡು. ಬೆಳಗಿನ ರಶ್ ಮುಗಿದ ಮೇಲೆ 7 ಗಾಡಿ ವಾಪಸ್ ಬರುತ್ತವೆ. ಸಂಜೆವರೆಗೆ ಅವು ನಿನ್ನವೇ. 3 ಸ್ಪೇರ್ ಸೇರಿಸಿದರೆ ಮಧ್ಯಾಹ್ನ ಡಿಪೋದಲ್ಲಿ 10 ಗಾಡಿ ನಿಂತಿರುತ್ತವೆ. ದೊಡ್ಡ ಚೆಕಪ್ ಆಗ ಮಾಡು. 270 ಚೆಕಪ್ ಅಂದರೆ ದಿನಕ್ಕೆ ಒಂದೂ ಬೀಳುವುದಿಲ್ಲ.

ಇನ್ನೊಂದು. ಎಷ್ಟು ಕೆಲಸ ಇದೆ ಅನ್ನೋದು ಒಂದು ಲೆಕ್ಕ, ಯಾವಾಗಲೂ ಯಾರಾದರೂ ಇರಲೇಬೇಕಾದ ಜಾಗ ಇನ್ನೊಂದು ಲೆಕ್ಕ. ಲೈನ್ ಮೇಲೆ ಗಾಡಿ ನಿಂತರೆ ಓಡಲು ಇಬ್ಬರು ಬೇಕು, ಎರಡು ಶಿಫ್ಟ್, 4 ಹುದ್ದೆ. ಅವರು ಇಡೀ ದಿನ ಸುಮ್ಮನೆ ಕೂತಿದ್ದರೂ ಬೇಕು. ವಾರದ ಏಳೂ ದಿನ ಆ ಕುರ್ಚಿ ತುಂಬಿರಬೇಕಂದರೆ 365ನ್ನು 258ರಿಂದ ಭಾಗಿಸು, 1.41. ಅಂದರೆ 4 ಹುದ್ದೆಗೆ 6 ಜನ, ರಾತ್ರಿಯ 6 ಹುದ್ದೆಗೆ 9 ಜನ. ಹಳೇ ಸ್ಪ್ಯಾನರ್ ಅಣ್ಣ ಹೇಳಿದ ಹಾಜರಿ ಪುಸ್ತಕ ಇದೇ. ಒಬ್ಬನೇ ಹೋಗಿ ಕರೆಂಟ್ ಲೈನ್ ಹತ್ತಿರ ಕೆಲಸ ಮಾಡೋ ಹಾಗಿಲ್ಲ, ಅದಕ್ಕೇ ಎಲ್ಲಾ ಕಡೆ ಇಬ್ಬರು. ಗಾಡಿ 18 ಇರಲಿ, 8 ಇರಲಿ, ಲೈನ್ ಮೇಲಿನ ಈ ಕುರ್ಚಿಗಳು ಕಡಿಮೆ ಆಗೋದಿಲ್ಲ. ಅದಕ್ಕೇ ಸಣ್ಣ ಡಿಪೋಗೆ ಗಾಡಿ ಲೆಕ್ಕದಲ್ಲಿ ಜನ ಯಾವಾಗಲೂ ಜಾಸ್ತಿ.

ಕೆಂಪುಧೂಳು:

ತೋರಣಗಲ್ಲು ಕಡೆ ಒಂದು ಕಾರ್ಖಾನೆಯ ಲೋಕೊ ಶೆಡ್‌ನಲ್ಲಿ ಇದ್ದೇನೆ. ಮುದಗಲ್‌ನವರ ಲೆಕ್ಕ ಚೆನ್ನಾಗಿದೆ, ಆದರೆ ಮಧ್ಯಾಹ್ನ ಚೆಕಪ್ ಮಾಡಿ ಅಂದದ್ದಕ್ಕೆ ನನ್ನ ತಕರಾರು ಇದೆ. ಅಣ್ಣಾ, ನೀವು ಬಳ್ಳಾರಿ ಬಿಸಿಲು ಮರೆತಿರಾ? ಲೋ ಫ್ಲೋರ್ ಲೈಟ್ ರೈಲ್ ಗಾಡಿಯಲ್ಲಿ ನೆಲ ಕೆಳಗೆ ಇಳಿಸಿರುತ್ತಾರೆ, ಅಜ್ಜಿಯೂ ಆರಾಮಾಗಿ ಹತ್ತಲಿ ಅಂತ. ಕೆಳಗೆ ಜಾಗ ಇಲ್ಲ ಅಂದಮೇಲೆ ಇನ್ವರ್ಟರ್, ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟನ್ನು ಶಾಖವಾಗಿ ಕಳೆಯುವ ಬ್ರೇಕ್ ರೆಸಿಸ್ಟರ್, ಎಸಿ ಯೂನಿಟ್ ಬಹುಪಾಲು ಮೇಲಕ್ಕೆ ಹೋಗುತ್ತವೆ. ಮೇಲಿನ ತಂತಿಯಿಂದ ಕರೆಂಟ್ ಎಳೆಯುವ ಪ್ಯಾಂಟೋಗ್ರಾಫ್ ಹೇಗೂ ಮೇಲೇ. ಅಂದರೆ ನಿಮ್ಮ ಅರ್ಧ ಕೆಲಸ ಚಾವಣಿ ಮೇಲೆ. ಮೇ ತಿಂಗಳ ಮಧ್ಯಾಹ್ನ 2 ಗಂಟೆಗೆ ತಗಡಿನ ಶೆಡ್ ಕೆಳಗೆ, ಗಾಡಿ ಚಾವಣಿ ಮೇಲೆ, ಆಗ ತಾನೇ ಓಡಿ ಬಂದ ರೆಸಿಸ್ಟರ್ ಪಕ್ಕ ಕೂತು ನೋಡಿ. ನಮ್ಮಲ್ಲಿ ಲೋಕೊ ಮೇಲೆ ಸ್ಪ್ಯಾನರ್ ಇಟ್ಟು ಐದು ನಿಮಿಷ ಬಿಟ್ಟು ಹಿಡಿದರೆ ಕೈ ಚುರ್ ಅನ್ನುತ್ತದೆ, ಗ್ಲೌಸ್ ಇಲ್ಲದೆ ಮುಟ್ಟೋ ಹಾಗಿಲ್ಲ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕೆಳಗೆ ಬಂದು ನೀರು. 5 ಗಂಟೆಯ ಸ್ಪ್ಯಾನರ್ ಟೈಮ್ ಅಂದಿರಲ್ಲ, ನಮ್ಮ ಬೇಸಿಗೆಯಲ್ಲಿ ಅದು 3 ಆಗುತ್ತದೆ.

ಅದೇ ಏಪ್ರಿಲ್, ಮೇನಲ್ಲೇ ಎಸಿ ಜಾಸ್ತಿ ಕೆಡುತ್ತವೆ. ಕೆಲಸ ಹೆಚ್ಚುವುದೂ ಆಗಲೇ, ಕೈ ನಿಧಾನ ಆಗುವುದೂ ಆಗಲೇ. ವರ್ಷದ ಸರಾಸರಿ ಹಿಡಿದರೆ ಇದು ಕಾಣೋದೇ ಇಲ್ಲ. ನನ್ನ ಮಾತು ಕೇಳಿದರೆ ಮಾರ್ಚ್‌ನಿಂದ ಮೇವರೆಗೆ ಚಾವಣಿ ಕೆಲಸವನ್ನು ಬೆಳಗಿನ 4ರಿಂದ 10ಕ್ಕೆ ಇಟ್ಟುಕೊಳ್ಳಿ, ಮಧ್ಯಾಹ್ನ ಬಾಗಿಲು, ಸೀಟು, ಕ್ಯಾಬ್ ಒಳಗಿನ ಕೆಲಸ ಮಾಡಿ.

ಧೂಳಿನ ವಿಷಯ ಬೇರೆ ಇದೆ. ಕುಡತಿನಿ ಕಡೆಗೆ ಲೈನ್ ಅಂದಿರಲ್ಲ. ಆ ರಸ್ತೆಯಲ್ಲಿ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಬೈಕಲ್ಲಿ ಹೋಗಿ, ಸಂಜೆ ಕಾಲರ್ ನೋಡಿಕೊಳ್ಳಿ. ಅದೇ ಧೂಳು ಎಸಿ ಫಿಲ್ಟರ್‌ನಲ್ಲಿ ತುಂಬುತ್ತದೆ. ಮ್ಯಾನ್ಯುಯಲ್ ಬರೆದವರು ಕೂತದ್ದು ಯಾವುದೋ ತಂಪು ದೇಶದಲ್ಲಿ. ಅವರು ತಿಂಗಳಿಗೊಮ್ಮೆ ಅಂದರೆ ನಮ್ಮಲ್ಲಿ ವಾರಕ್ಕೊಮ್ಮೆ ಬಿಚ್ಚಬೇಕು. ಕರೆಂಟ್ ಗಾಡಿಯ ಮೈಗೆ ಹರಿಯದಂತೆ ತಡೆಯುವ ಇನ್ಸುಲೇಟರ್ ಮೇಲೆ ಕೂತ ಧೂಳು ಬೇಸಿಗೆ ಪೂರ್ತಿ ಏನೂ ಮಾಡೋದಿಲ್ಲ, ಮೊದಲ ಮಳೆಗೆ ಒದ್ದೆ ಆದ ಕೂಡಲೇ ಫ್ಲ್ಯಾಶ್ ಹೊಡೆಯುತ್ತದೆ. ಬಟ್ಟೆ ಹಿಡಿದು ಒರೆಸುವ ಆ ಕೆಲಸಕ್ಕೆ ಯಾರೂ ಹುದ್ದೆ ಬರೆಯೋದಿಲ್ಲ. ಬರೆಯಿರಿ.

ರಾಯಚೂರು ಬಿಸಿಲು:

ನಮ್ಮೂರಿನ ಹೆಸರಿಟ್ಟುಕೊಂಡು ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ಬಿಟ್ಟುಕೊಡಲು ಬೇಜಾರು, ಇರಲಿ.

ಒಂದು ಎಚ್ಚರಿಕೆ ಹೇಳಬೇಕು. ಬೇರೆ ಊರಿನ ಅಂಕಿ ತಂದು ಹೋಲಿಸುವ ಮುಂಚೆ ಗಾಡಿ ಅಂದರೆ ಏನು ಅಂತ ನೋಡಿ. ಬೆಂಗಳೂರಿನ ನಮ್ಮ ಮೆಟ್ರೊ ಮೊದಲ ಹಂತದಲ್ಲಿ 3 ಬೋಗಿಯ 50 ರೈಲು ಇದ್ದವು, 150 ಬೋಗಿ. ಆಮೇಲೆ ಎಲ್ಲವನ್ನೂ 6 ಬೋಗಿ ಮಾಡಿದರು. ರೈಲು ಅದೇ 50, ಬೋಗಿ 300. ರೈಲಿಗೆ ಇಷ್ಟು ಜನ ಅಂತ ಲೆಕ್ಕ ಇಟ್ಟವನು ಏನೂ ಬದಲಾಗಿಲ್ಲ ಅನ್ನುತ್ತಾನೆ. ಬಾಗಿಲು, ಎಸಿ, ಚಕ್ರ ಎಲ್ಲಾ ಇಮ್ಮಡಿ ಆಗಿವೆ. ಲೈಟ್ ರೈಲ್‌ನಲ್ಲೂ ಹೀಗೇ. ಎರಡು ತುಂಡಿನ ಗಾಡಿಯೂ ಒಂದು ಗಾಡಿ, ಐದು ತುಂಡಿನದೂ ಒಂದು ಗಾಡಿ.

ಅಂಕಿ ಬೇಕಾದರೆ ಅಮೆರಿಕದ ನ್ಯಾಷನಲ್ ಟ್ರಾನ್ಸಿಟ್ ಡೇಟಾಬೇಸ್ ನೋಡಿ. ಊರೂರಿನ ಲೈಟ್ ರೈಲ್‌ಗೆ ಗಾಡಿ ಮೇಂಟೆನೆನ್ಸ್‌ನಲ್ಲಿ ವರ್ಷಕ್ಕೆ ಎಷ್ಟು ಕೆಲಸದ ಗಂಟೆ ಹೋಯಿತು, ಗಾಡಿ ಎಷ್ಟು ಮೈಲಿ ಓಡಿತು, ಎಷ್ಟು ಸಲ ಕೆಟ್ಟಿತು ಅಂತ ಪ್ರತ್ಯೇಕ ಕೊಟ್ಟಿರುತ್ತಾರೆ. ಪುಕ್ಕಟೆ ಸಿಗುತ್ತದೆ. ನಿಮ್ಮ 30 ಆಳು-ಗಂಟೆಯ ಊಹೆಯನ್ನು ಅದರ ಪಕ್ಕ ಇಟ್ಟು ನೋಡಿದರೆ ಗೈಡ್ ಕೇಳಿದ ಆಧಾರ ಸಿಕ್ಕಿತು. ಸ್ಪೇರ್ 20 ಪರ್ಸೆಂಟ್ ಅಂತ ನೀವು ಎಲ್ಲೋ ಓದಿ ಹಾಕಿದ್ದೀರಿ ಅನ್ನಿಸುತ್ತದೆ. 15ಕ್ಕೆ 3 ಅಂದರೆ ಸರಿಯಾಗಿ ಅಷ್ಟೇ. ಆದರೆ ಅಮೆರಿಕದಲ್ಲಿ ಆ ಮಿತಿ ಇರುವುದು 50 ಅಥವಾ ಅದಕ್ಕಿಂತ ಹೆಚ್ಚು ಬಸ್ ಓಡಿಸುವವರಿಗೆ, ರೈಲಿಗೆ ಹಾಗೆ ಗೆರೆ ಎಳೆದಿಲ್ಲ.

ಸ್ಪೇರ್ ಮತ್ತು ಜನ ಎರಡನ್ನೂ ಬೇರೆ ಬೇರೆ ಅಧ್ಯಾಯದಲ್ಲಿ ಹಾಕಬೇಡಿ. ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದದ್ದು ಬರೀ 3 ರೈಲು, 25 ನಿಮಿಷಕ್ಕೊಂದು. ಅಂಥ ಕಡೆ ಒಂದು ರೈಲು ಒಳಗೆ ನಿಂತರೆ ಟೈಮ್‌ಟೇಬಲ್ಲೇ ಹೋಯಿತು. ಗಾಡಿ ಕಡಿಮೆ ಇದ್ದಷ್ಟೂ ರಿಪೇರಿಯವನ ಮೇಲೆ ಬೆಳಗಾಗುವುದರೊಳಗೆ ಕೊಡು ಅನ್ನುವ ಒತ್ತಡ ಜಾಸ್ತಿ.

ಹಳೇ ಸ್ಪ್ಯಾನರ್:

ಇದು ನಮ್ಮ ಕೊಪ್ಪಳದವರಿಗೆ ಹೇಳಿಕೊಡಬೇಕಾ? ಗವಿಮಠದ ಜಾತ್ರೆ ಬಂತಂದರೆ ಸ್ಪೇರ್ ಅನ್ನೋ ಶಬ್ದವೇ ಡಿಪೋದಲ್ಲಿ ಇರೋದಿಲ್ಲ. ಗಾಲಿ ಇದ್ದದ್ದೆಲ್ಲಾ ರಸ್ತೆ ಮೇಲೆ. ಮುಗಿದ ಮೇಲೆ ಒಂದು ವಾರ ನಮಗೆ ಹಬ್ಬ, ಎಲ್ಲಾ ಕೂಡಿಟ್ಟ ಕೆಲಸ.

ಮುದಗಲ್‌ನವ:

ಕೆಂಪುಧೂಳು ಅವರೆ, ಒಪ್ಪಿದೆ. ಎಸಿ ಇರುವ ಶೆಡ್‌ನಲ್ಲಿ ಕೂತವನಲ್ಲ ನಾನು, ಆದರೂ ನಮ್ಮಲ್ಲಿ ಬಹುಪಾಲು ಕೆಲಸ ಕೆಳಗಿನ ಪಿಟ್‌ನಲ್ಲಿ, ಅದಕ್ಕೇ ಹೊಳೆಯಲಿಲ್ಲ.

ತಮ್ಮಾ, ಯಾವ ಟ್ರೇಡ್‌ನವರು ಅನ್ನೋದನ್ನೂ ಬರೆ. ನೀನು ಮೆಕ್ಯಾನಿಕಲ್, ಎಲ್ಲಾ 24ನ್ನೂ ಫಿಟ್ಟರ್ ಅಂತ ಬರೆಯುತ್ತೀಯ ಅಂತ ಅನುಮಾನ. ಗಾಡಿಗಳು ಜಾಸ್ತಿ ನಿಲ್ಲೋದು ಬಾಗಿಲಿಂದ, ಎಸಿಯಿಂದ, ಎಲೆಕ್ಟ್ರಾನಿಕ್ಸ್‌ನಿಂದ. ಒಂದು ಸಲ ಒಂದೇ ಬಾಗಿಲು ಮೂರು ದಿನ ತಪ್ಪು ತೋರಿಸಿತು. ಮೋಟರ್ ಬದಲಾಯಿಸಿದೆವು, ಕಂಟ್ರೋಲ್ ಕಾರ್ಡ್ ಬದಲಾಯಿಸಿದೆವು. ಮೂರನೇ ರಾತ್ರಿ ಜೊತೆಗಿದ್ದ ಹುಡುಗ ಮೊಬೈಲ್ ಟಾರ್ಚ್ ಬಿಟ್ಟು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿ, ಬಾಗಿಲ ಕೆಳಗಿನ ಸಂದಿಯಿಂದ ಕಡಲೆ ಗಾತ್ರದ ಒಂದು ಜಲ್ಲಿ ಕಲ್ಲು ತೆಗೆದ. ಯಾರದೋ ಶೂಗೆ ಅಂಟಿಕೊಂಡು ಬಂದದ್ದು. ಬಾಗಿಲು ಕೊನೆ ಎರಡು ಮಿಲಿಮೀಟರ್ ಮುಚ್ಚುತ್ತಿರಲಿಲ್ಲ, ಅಷ್ಟೇ. ಮೂರು ರಾತ್ರಿಯ ಆಳು-ಗಂಟೆ ಆ ಕಲ್ಲಿಗೆ ಹೋಯಿತು. ಕೆಟ್ಟು ಬರುವ ಕೆಲಸಕ್ಕೂ ಅಷ್ಟೇ ಗಂಟೆ ಹಿಡಿ ಅಂತ ನಾನು ಹೇಳಿದ್ದು ಇದಕ್ಕೇ.

ಹಾಗಾಗಿ ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಸೇರಿ ಅರ್ಧಕ್ಕಿಂತ ಜಾಸ್ತಿ ಇರಲಿ, ಎಸಿಗೆ ಕಲಿತವರು ಶಿಫ್ಟ್‌ಗೆ ಒಬ್ಬರಾದರೂ ಇರಲಿ, ಉಳಿದವರು ಫಿಟ್ಟರ್. ಮೆಟ್ರೊದಲ್ಲಿ ಇಲ್ಲದ್ದು ನಿನಗೆ ಒಂದು ಬೇಕು: ಬಾಡಿ ಕೆಲಸ. ನಿನ್ನ ಗಾಡಿ ರಸ್ತೆ ಮೇಲೆ ಹೋಗುತ್ತದೆ. ಬಳ್ಳಾರಿ ಆಟೋದವರು ಹಳಿ ಇದೆ ಅಂತ ದಾರಿ ಬಿಡುತ್ತಾರೆ ಅಂದುಕೊಂಡಿದ್ದೀಯಾ? ಫೈಬರ್ ಪ್ಯಾನೆಲ್, ವೆಲ್ಡಿಂಗ್, ಪೇಂಟ್ ಬರುವ ಇಬ್ಬರು. ರಸ್ತೆಯಲ್ಲಿ ತಟ್ಟನೆ ಬ್ರೇಕ್ ಹಾಕುವುದೂ ಜಾಸ್ತಿ, ಚಕ್ರ ಜಾರಿ ಒಂದು ಕಡೆ ಚಪ್ಪಟೆ ಆಗುತ್ತದೆ, ಟಕ್ ಟಕ್ ಅಂತ ಸದ್ದು ಬರುತ್ತದೆ. ಅದನ್ನು ಮತ್ತೆ ಗುಂಡಗೆ ಮಾಡಲು ಚಕ್ರ ಬಿಚ್ಚದೆ ಕೆಳಗಿನಿಂದಲೇ ಹೆರೆಯುವ ಪಿಟ್ ಲೇತ್ ಬೇಕು, ಅದನ್ನು ಓಡಿಸಲು ಆಳು ಬೇಕು.

ಕೌಲ್‌ಬಜಾರ್ ಹುಡುಗ:

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ದಿನ ಕೂತು ಮತ್ತೆ ಬರೆದೆವು. ಟೆಕ್ನಿಷಿಯನ್ 24 ಇತ್ತು, ಅದರ ಒಳಗೇ ರಾತ್ರಿಯ 9 ಜನ ಬಂದರು. ಲೈನ್ ಮೇಲಿನ 6 ಜನರನ್ನು ಬೇರೆ ಹಾಕಿದೆವು, ಯಾಕಂದರೆ ಅವರು ಕಾಯುವ ಹೊತ್ತನ್ನು ಕೆಲಸದ ಗಂಟೆ ಅನ್ನಲು ಆಗೋದಿಲ್ಲ. ಫಿಲ್ಟರ್, ಇನ್ಸುಲೇಟರ್ ಒರೆಸಲು 3, ಬಾಡಿ ಕೆಲಸಕ್ಕೆ 2, ಲೇತ್‌ಗೆ 1. ಒಟ್ಟು 36. ಬೇಸಿಗೆ ಮೂರು ತಿಂಗಳಿಗೆ ಸ್ಪ್ಯಾನರ್ ಟೈಮ್ 3 ಗಂಟೆ ಅಂತ ಹಿಡಿದು ನೋಡಿದರೆ ಆಗ ಆ 24 ಜನ ಸಾಲುವುದಿಲ್ಲ, 40 ಆಗುತ್ತದೆ. ಅಷ್ಟು ಜನರನ್ನು ವರ್ಷಪೂರ್ತಿ ಇಡಲು ಆಗಲ್ಲ ಅಲ್ವಾ, ಅದಕ್ಕೆ ಮುಂದೆ ಹಾಕಬಹುದಾದ ಚೆಕಪ್‌ಗಳನ್ನು ಫೆಬ್ರವರಿಯಲ್ಲೇ ಮುಗಿಸುವ ಹಾಗೆ, ಆ ಮೂರು ತಿಂಗಳು ಗಳಿಕೆ ರಜೆ ಕಡಿಮೆ ಕೊಡುವ ಹಾಗೆ ಪ್ಲಾನ್ ಮಾಡಿದ್ದೇವೆ. ಗೈಡ್‌ಗೆ ತೋರಿಸಿದೆ. ಈ ಸಲ ಗೆರೆ ಎಳೆಯಲಿಲ್ಲ.

ಹಳೇ ಸ್ಪ್ಯಾನರ್:

ಏಪ್ರಿಲ್, ಮೇನಲ್ಲಿ ಕೊಪ್ಪಳ, ರಾಯಚೂರು ಕಡೆಯವನಿಗೆ ರಜೆ ಇಲ್ಲ ಅಂತೀಯಾ? ಊರ ತುಂಬಾ ಮದುವೆ ಆಗಲೇ. ಅದೂ ಇರಲಿ, ಲೇತ್‌ಗೆ 1 ಅಂತ ಹಾಕಿದ್ದೀಯಲ್ಲ, ಅವನು ಮುದಗಲ್ ಕಡೆಯವನಾದರೆ ಮೊಹರಂ ವಾರ ಲೇತ್ ಯಾರು ಓಡಿಸುತ್ತಾರೆ?

ಮುದಗಲ್‌ನವ:

ನಾನಂತೂ ಆ ವಾರ ಡಿಪೋದಲ್ಲಿ ಸಿಗೋದಿಲ್ಲ. ಹತ್ತು ವರ್ಷದಿಂದ ಸಿಕ್ಕಿಲ್ಲ.

ಕೌಲ್‌ಬಜಾರ್ ಹುಡುಗ:

ಲೇತ್‌ಗೆ 2 ಮಾಡಿದೆ. 37.